ಬಿಗಿದಿಟ್ಟ ಎಳೆ

ಸೆಪ್ಟೆಂಬರ್ ೪, ಗುರುವಾರ

ತಮ್ಮನ ಕಾಲಿನ ಕೀವು ಇವತ್ತು ನಮ್ಮ ಲ್ಯಾಬಿಗೆ ಬಂತು. ಬೆರಳುದ್ದದ ಸೀಸೆ, ಮೇಲೆ ಅವನ ಹಾಸಿಗೆಯ ನಂಬರು. ಕೆಲಸಕ್ಕೆ ಸೇರಿದಾಗಿನಿಂದ ಯಾರ್ಯಾರದೋ ಕೀವು, ಕಫ, ಚರಂಡಿ ನೀರು ಎಲ್ಲವನ್ನೂ ಮೂಗು ಮುರಿಯದೆ ಮುಟ್ಟಿದವಳು ನಾನು. ಇದನ್ನು ಮಾತ್ರ ತಕ್ಷಣ ಮೇಜಿನ ಮೇಲಿಟ್ಟು ಕೈ ತೊಳೆದುಕೊಂಡೆ. ಹಾಳಾದವನು. ಚಿಕ್ಕವನಿದ್ದಾಗ ಮಂಡಿ ತರಚಿಕೊಂಡು ಬಂದರೂ ನಾನೇ ಒರೆಸಬೇಕಿತ್ತು, ತಲೆ ನರೆತ ಮೇಲೂ ನಾನೇ.

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಒಬ್ಬಳೇ ಇರುವ ಮನೆಯಲ್ಲಿ ಯಾರಿಗೆ ಬೈಯಲಿ? ಗೋಡೆಗೆ ಬೈದರೆ ಪಕ್ಕದ ಮನೆಯವರು ಹುಚ್ಚು ಹಿಡಿಯಿತು ಅಂದುಕೊಳ್ಳುತ್ತಾರೆ. ಅದಕ್ಕೆ ಇದು.

ಆದದ್ದು ಇಷ್ಟು. ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಒಂದು ಆಫೀಸು ಕಟ್ಟಡದಲ್ಲಿ ಲಿಫ್ಟಿನ ತಳದ ಹೊಂಡದೊಳಗೆ ಇಳಿದಿದ್ದಾಗ ತೂಕದ ಕಬ್ಬಿಣ ಜಾರಿ ಎಡಗಾಲಿನ ಮೇಲೆ ಬಿತ್ತು. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ರಾಡು ಹಾಕಿದರು. ರಾಡಿನ ಜೊತೆಗೆ ಒಂದು ಬ್ಯಾಕ್ಟೀರಿಯಾವೂ ಒಳಗೆ ಹೋಗಿ ಮನೆ ಮಾಡಿಕೊಂಡಿತು. ರಾಡು ತೆಗೆದರೂ ಅದು ಹೋಗಲಿಲ್ಲ. ಯಾವ ಔಷಧಕ್ಕೂ ಜಗ್ಗುವುದಿಲ್ಲ. ಮೊಣಕಾಲಿನ ಮೇಲೆ ಕತ್ತರಿಸುವ ಮಾತನ್ನು ಮೂಳೆ ಡಾಕ್ಟರು ಆಗಲೇ ಎತ್ತಿದ್ದಾರೆ.

ನಮ್ಮ ಲ್ಯಾಬಿನ ಮುಖ್ಯಸ್ಥರನ್ನು ನಾವೆಲ್ಲ ಮೇಷ್ಟ್ರು ಅನ್ನುತ್ತೇವೆ. ಅವರೇ ಹೋಗಿ ಆಸ್ಪತ್ರೆಯವರ ಹತ್ತಿರ ಮಾತಾಡಿ ಬಂದರು. ಬ್ಯಾಕ್ಟೀರಿಯಾಕ್ಕೂ ರೋಗ ಬರುತ್ತದೆ, ಅದಕ್ಕೂ ವೈರಸ್ ತಗಲುತ್ತದೆ. ಅಂಥ ವೈರಸ್‌ಗಳನ್ನು ಹುಡುಕಿ ಸಾಕುವುದೇ ನಮ್ಮ ಕಸುಬು. ತಮ್ಮನ ಬ್ಯಾಕ್ಟೀರಿಯಾವನ್ನು ಕೊಲ್ಲುವಂಥ ವೈರಸ್ ಸಿಕ್ಕಿ, ಅದನ್ನು ರಕ್ತಕ್ಕೆ ಚುಚ್ಚುವಷ್ಟು ಶುದ್ಧ ಮಾಡಿ ಕೊಟ್ಟರೆ, ಕತ್ತರಿಸುವ ಮೊದಲು ಅದನ್ನೊಮ್ಮೆ ನೋಡುತ್ತೇವೆ ಅಂದಿದ್ದಾರೆ. ಅಂದರೆ ಕಾಲು ಉಳಿಯುವುದು ನಮ್ಮ ಕೈಯಲ್ಲಿದೆ. ತೊಳೆದು ಶುದ್ಧ ಮಾಡುವವಳು ನಾನೇ ಆದ್ದರಿಂದ ನನ್ನ ಕೈಯಲ್ಲಿದೆ ಅಂತಲೇ ಬರೆಯಬೇಕು.

ಸೆಪ್ಟೆಂಬರ್ ೭, ಭಾನುವಾರ

ಸಿಕ್ಕಿತು.

ಆಸ್ಪತ್ರೆಯ ಹಿಂದಿನ ಚರಂಡಿಯಲ್ಲೇ ಸಿಕ್ಕಿತು, ಅದೂ ಮೂರನೆಯ ಬಾಟಲಿಯ ನೀರಿನಲ್ಲಿ. ಗಾಜಿನ ತಟ್ಟೆಯ ತುಂಬ ತಮ್ಮನ ಬ್ಯಾಕ್ಟೀರಿಯಾ ಬೆಳೆದು ಮಸುಕಾಗಿ ಹಬ್ಬಿತ್ತು. ಅದರ ನಡುವೆ ಅಲ್ಲಲ್ಲಿ ಗುಂಡಗೆ, ತಿಳಿಯಾಗಿ ತೂತುಗಳು ಬಿದ್ದಿದ್ದವು. ಒಂದೊಂದು ತೂತೂ ಒಂದು ವೈರಸ್ ಮತ್ತು ಅದರ ಮಕ್ಕಳು ಮರಿ ಎಲ್ಲ ಸೇರಿ ತಿಂದು ತೇಗಿದ ಜಾಗ. ನೋಡುತ್ತಿದ್ದರೆ ಕಣ್ಣು ತುಂಬಿ ಬಂತು. ಮೇಷ್ಟ್ರು ಸೀನಿದ ಹಾಗೆ ಮಾಡಿ ಆಚೆ ತಿರುಗಿಕೊಂಡರು. ಒಳ್ಳೆಯ ಮನುಷ್ಯ.

ನೇರ ಆಸ್ಪತ್ರೆಗೆ ಓಡಿದೆ. ತಮ್ಮ ಎದ್ದು ಕುಳಿತ. ಅವನ ಬಾಯಲ್ಲಿ ಅದು ವೈರಸ್ ಅಲ್ಲ, ಹುಳ.

"ಅಕ್ಕ, ಅಷ್ಟು ಚಿಕ್ಕ ಹುಳ ಹೇಗೆ ಕೊಲ್ಲುತ್ತೆ? ಕಚ್ಚುತ್ತಾ?"

"ಹಲ್ಲಿದ್ರೆ ತಾನೆ ಕಚ್ಚೋದು. ಅದು ಬರೀ ಒಂದು ತಲೆ, ಒಂದು ಬಾಲ. ತಲೆ ಒಳಗೆ ಡಿಎನ್‌ಎ ಎಳೆ ತುರುಕಿರುತ್ತೆ. ತಲೆಯ ಉದ್ದಕ್ಕಿಂತ ನೂರಾರು ಪಟ್ಟು ಉದ್ದದ ಎಳೆ."

"ಹಿಡಿಸುತ್ತಾ ಅದು?"

"ಸುಮ್ನೆ ಹಿಡಿಸಲ್ಲ. ಕುತ್ತಿಗೆಯಲ್ಲಿ ಒಂದು ಮೋಟಾರ್ ಇರುತ್ತೆ, ಅದು ಎಳೆದೆಳೆದು ಒಳಗೆ ತುರುಕುತ್ತೆ. ಸುತ್ತಿ ಸುತ್ತಿ ಕಲ್ಲಿನ ಹಾಗೆ ಬಿಗಿಯುತ್ತೆ. ಕಾರಿನ ಟೈರಿನಲ್ಲಿ ಇರೋದಕ್ಕಿಂತ ಎಷ್ಟೋ ಪಟ್ಟು ಒತ್ತಡ ಒಳಗೆ. ಬ್ಯಾಕ್ಟೀರಿಯಾ ಮೇಲೆ ಕೂತು ಬಾಗಿಲು ತೆಗೀತು ಅಂದ್ರೆ ಎಳೆ ತಾನೇ ಚಿಮ್ಮಿ ಅದರೊಳಗೆ ಹೋಗುತ್ತೆ. ಅಲ್ಲಿಗೆ ಬ್ಯಾಕ್ಟೀರಿಯಾ ಕಥೆ ಮುಗೀತು."

ಅವನಿಗೆ ಮೋಟಾರ್ ಅಂದ ಕೂಡಲೇ ಜೀವ ಬಂತು. ನಮ್ಮ ಎಳೆಯೂ ಹೀಗೇನಾ ಅಂದ. ಇಲ್ಲ ಅಂದೆ. ನಮ್ಮ ಜೀವಕೋಶದಲ್ಲಿ ಪ್ರೊಟೀನಿನ ಪುಟ್ಟ ಪುಟ್ಟ ಉಂಡೆಗಳಿಗೆ ಎಳೆಯನ್ನು ಸುತ್ತಿ, ಅವನ್ನು ಮತ್ತೆ ಮಡಚಿ ಇಟ್ಟಿರುತ್ತದೆ. ಬೇಕಾದ ಕಡೆ ಬಿಚ್ಚಿ ಓದಿಕೊಂಡು ಮತ್ತೆ ಸುತ್ತಿಡಬೇಕಲ್ಲ, ಅದಕ್ಕೆ ಅಷ್ಟು ಅಚ್ಚುಕಟ್ಟು. ವೈರಸ್‌ಗೆ ಓದುವ ಉಸಾಬರಿ ಇಲ್ಲ. ಅದು ಉಂಡೆ ಗಿಂಡೆ ಏನೂ ಇಲ್ಲದೆ ಬರೀ ತುರುಕುತ್ತದೆ.

"ನಮ್ಮದು ಎಷ್ಟುದ್ದ?"

"ಒಂದೊಂದು ಕೋಶದಲ್ಲಿ ಎರಡು ಮೀಟರ್."

"ಈ ಕಾಲಲ್ಲಿ ಇರೋದನ್ನೆಲ್ಲ ಬಿಚ್ಚಿ ಸೇರಿಸಿದ್ರೆ?"

"ಸೂರ್ಯನ ತನಕ ಹೋಗಿ ಬರಬಹುದು. ಒಂದು ಸಲ ಅಲ್ಲ."

"ಹಾಗಾದ್ರೆ ಮೂಳೆ ಡಾಕ್ಟರಿಗೆ ಹೇಳು. ಬರೀ ಮೂರಡಿ ಅಂದ್ಕೊಂಡು ಕತ್ತಿ ಹಿಡ್ಕೊಂಡು ಬರಬೇಡಿ ಅಂತ."

ನಾನು ಬೈದೆ. ತಮ್ಮನ ಹೆಂಡತಿ ನಗುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೊರಡುವಾಗ ಬಾಗಿಲ ತನಕ ಬಂದು, "ಅತ್ತಿಗೆ, ಸರಿ ಹೋಗುತ್ತೆ ಅಲ್ವಾ?" ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ಅವಳ ಮುಖ ಸಪ್ಪಗಾಯಿತು. ಗೊತ್ತಿಲ್ಲದ್ದನ್ನು ಗೊತ್ತು ಅಂತ ಹೇಗೆ ಹೇಳಲಿ? ಸಮಾಧಾನ ಬೇಕಿದ್ದವರು ಬೇರೆ ಯಾರನ್ನಾದರೂ ಕೇಳಬೇಕು.

ಸೆಪ್ಟೆಂಬರ್ ೧೧, ಗುರುವಾರ

ದೊಡ್ಡ ಬುಡ್ಡಿಗಳಲ್ಲಿ ಬೆಳೆಸಿದ್ದಾಯಿತು. ಬ್ಯಾಕ್ಟೀರಿಯಾ ಒಡೆದು ಸತ್ತು, ಕದಡಿದ್ದ ನೀರು ತಿಳಿಯಾಯಿತು. ಇನ್ನು ಶುದ್ಧ ಮಾಡಬೇಕು. ಸತ್ತ ಬ್ಯಾಕ್ಟೀರಿಯಾದ ಸಿಪ್ಪೆಯ ಚೂರು ಒಂದಿಷ್ಟು ರಕ್ತಕ್ಕೆ ಹೋದರೂ ನಡುಕದ ಜ್ವರ ಬಂದು ಕಾಲಿನ ಮೊದಲು ಪ್ರಾಣವೇ ಹೋಗಬಹುದು.

ನನ್ನ ಶುಚಿಯ ಹುಚ್ಚು ಲ್ಯಾಬಿನಲ್ಲಿ ದೊಡ್ಡ ತಮಾಷೆ. ಉಪ್ಪನ್ನೂ ತೊಳೆದು ಡಬ್ಬಿಗೆ ಹಾಕುವವಳು ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ತೊಳೆದದ್ದರಿಂದ ಇಲ್ಲಿಯ ತನಕ ಯಾವ ಕೆಲಸವೂ ಕೆಟ್ಟಿಲ್ಲ. ಲ್ಯಾಬಿನ ಕ್ರಮದಲ್ಲಿ ಬರೆದಿರುವುದು ಎರಡು ತೊಳೆತ. ನಾನು ಇನ್ನೊಂದು ಸೇರಿಸಿದೆ. ಲೋಹ ಹೀರುವ ಉಪ್ಪಿನ ನೀರಿನಲ್ಲಿ ತೊಳೆದರೆ ಆ ಸಿಪ್ಪೆಯ ಚೂರುಗಳು ಚೆನ್ನಾಗಿ ಸಡಿಲವಾಗಿ ಬಿಡುತ್ತವೆ. ಬೇರೆಯವರಿಗಾದರೆ ಎರಡೇ ಸಾಕಿತ್ತೋ ಏನೋ. ಇದು ನನ್ನ ತಮ್ಮನ ಮೈಗೆ ಹೋಗುವುದು.

ಕೊನೆಗೆ ಉಳಿದದ್ದು ಒಂದು ಸೀಸೆ. ಹೀರುಗೊಳವೆಯಲ್ಲಿ ಎತ್ತಿದಾಗ ಸ್ವಲ್ಪ ಲೋಳೆಲೋಳೆ ಅನ್ನಿಸಿತು. ಗಟ್ಟಿಯಾಗಿ ಸೇರಿರುವುದಕ್ಕೆ ಇರಬೇಕು. ಒಳ್ಳೆಯದೇ.

ಸೆಪ್ಟೆಂಬರ್ ೧೩, ಶನಿವಾರ

ಮೂಳೆ ಡಾಕ್ಟರ ಜೊತೆ ಜಗಳ. ಕಾಲಿನ ಕೆಂಪು ಮೇಲಕ್ಕೆ ಏರುತ್ತಿದೆ, ಸೋಂಕು ರಕ್ತಕ್ಕೆ ಇಳಿದರೆ ಕಾಲಿನ ಮಾತೇ ಇರುವುದಿಲ್ಲ, ತೆಗೆದುಬಿಡೋಣ ಅಂದರು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ತಾರಾ ಅಂತ ಕೇಳಿದೆ. ಇದು ನೆಗಡಿ ಅಲ್ಲಮ್ಮ ಅಂದರು. ಧ್ವನಿ ಏರಿಸಲಿಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ತಂದಿತು. ಔಷಧ ತಯಾರಾಗಿದೆ, ಪರೀಕ್ಷೆ ಒಂದು ಬಾಕಿ, ಎರಡು ದಿನ ಕೊಡಿ ಅಂದೆ. ಕೊಟ್ಟರು.

ಇದೆಲ್ಲ ನಡೆದದ್ದು ಹಾಸಿಗೆಯ ಪಕ್ಕದಲ್ಲೇ. ತಮ್ಮ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಬಂದಿತ್ತು ಅನ್ನಿಸುತ್ತದೆ.

ಸೆಪ್ಟೆಂಬರ್ ೧೫, ಸೋಮವಾರ

ತಟ್ಟೆಯಲ್ಲಿ ಒಂದು ತೂತೂ ಇಲ್ಲ.

ಮತ್ತೆ ಹಾಕಿ ನೋಡಿದೆ. ಇಲ್ಲ. ಬೇರೆ ತಟ್ಟೆ, ಹೊಸ ಬ್ಯಾಕ್ಟೀರಿಯಾ. ಇಲ್ಲ. ಹಾಳು ಬ್ಯಾಕ್ಟೀರಿಯಾ ಅಂಚಿನಿಂದ ಅಂಚಿಗೆ ಸೊಂಪಾಗಿ ಬೆಳೆದಿದೆ.

ಸೆಪ್ಟೆಂಬರ್ ೧೬, ಮಂಗಳವಾರ

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೋಣೆಯಲ್ಲಿ ಮೇಷ್ಟ್ರೂ ನಾನೂ ಕುಳಿತು ನೋಡಿದೆವು. ಎಳೆ ತುಂಬಿದ ತಲೆಯಾದರೆ ನೋಡಲೆಂದು ಹಾಕುವ ಬಣ್ಣ ಒಳಗೆ ಹೋಗಲು ಜಾಗ ಇರುವುದಿಲ್ಲ, ಬೆಳ್ಳಗೆ ಕಾಣುತ್ತದೆ. ಖಾಲಿಯಾದರೆ ಬಣ್ಣ ನುಗ್ಗಿ ಕಪ್ಪಾಗುತ್ತದೆ. ಪರದೆಯ ತುಂಬ ಕಪ್ಪು. ತಲೆಯ ಗೂಡುಗಳಿದ್ದವು, ಲಕ್ಷಗಟ್ಟಲೆ ಇದ್ದವು, ಒಳಗೆ ಏನೂ ಇರಲಿಲ್ಲ.

ಮೇಷ್ಟ್ರು ಏನೂ ಕೇಳುವ ಮೊದಲೇ ನನಗೆ ಗೊತ್ತಾಯಿತು. ಡಿಎನ್‌ಎ ಎಳೆಯ ಮೈಯೆಲ್ಲ ಋಣ ವಿದ್ಯುತ್ತು. ಒಂದು ಸುತ್ತು ಪಕ್ಕದ ಸುತ್ತನ್ನು ಸದಾ ದೂಡುತ್ತಿರುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಅವು ಹೊಂದಿಕೊಂಡು ಇರುವುದು ನಡುವೆ ಮೆಗ್ನೀಸಿಯಮ್ ನಿಂತು ರಾಜಿ ಮಾಡಿಸುವುದರಿಂದ. ನನ್ನ ಮೂರನೆಯ ತೊಳೆತ ಲೋಹ ಹೀರುತ್ತದಲ್ಲ, ಆ ಮೆಗ್ನೀಸಿಯಮ್ಮನ್ನೂ ಹೀರಿಕೊಂಡು ಹೋಯಿತು. ಒಳಗಿನ ಒತ್ತಡ ತಡೆಯಲಾರದೆ ತಲೆಗಳು ಬಿಟ್ಟುಕೊಂಡವು. ಆವತ್ತಿನ ಲೋಳೆ ಇದೇ, ಹೊರಗೆ ಚೆಲ್ಲಿದ ಎಳೆ. ಕೈಯಲ್ಲಿ ಹಿಡಿದು ನೋಡಿ ಒಳ್ಳೆಯದೇ ಅಂತ ಬರೆದೆನಲ್ಲ ನಾನು.

ಇದು ಮೊದಲ ವರ್ಷದ ಪಾಠ. ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೆ. ಅತಿಯಾದರೆ ಅಮೃತವೂ ವಿಷ ಅಂತ ಅಮ್ಮ ನನ್ನ ತೊಳೆಯುವ ಚಟ ನೋಡಿಯೇ ಅನ್ನುತ್ತಿದ್ದಳು.

"ಬೈದುಬಿಡಿ ಮೇಷ್ಟ್ರೇ," ಅಂದೆ.

"ಬೈದ್ರೆ ತುಂಬ್ಕೊಳ್ಳುತ್ತಾ ಅದು? ನಡೀರಿ, ಬುಡ್ಡಿ ತೊಳೀರಿ. ಮೊದಲಿಂದ ಬೆಳೆಸೋಣ."

ತೊಳೀರಿ ಅಂದದ್ದು ಅವರಿಗೇ ಕೆಟ್ಟದಾಗಿ ಕೇಳಿಸಿರಬೇಕು, ಕನ್ನಡಕ ತೆಗೆದು ಒರೆಸತೊಡಗಿದರು.

ಸೆಪ್ಟೆಂಬರ್ ೧೭, ಬುಧವಾರ

ತಮ್ಮನಿಗೆ ಹೇಳಿದೆ. ಮೊದಲನೆಯದು ಹಾಳಾಯಿತು, ಇನ್ನೊಮ್ಮೆ ಮಾಡುತ್ತಿದ್ದೇವೆ, ಡಾಕ್ಟರ ಹತ್ತಿರ ಇನ್ನಷ್ಟು ದಿನ ಕೇಳಿದ್ದೇನೆ ಅಂದೆ.

"ಯಾರು ಹಾಳು ಮಾಡಿದ್ರು?"

"ನಾನೇ. ಜಾಸ್ತಿ ತೊಳೆದೆ."

ಅವನು ನಕ್ಕ, ಅಥವಾ ಹಲ್ಲು ಕಚ್ಚಿದನೋ, ಈಗೀಗ ಎರಡೂ ಒಂದೇ ಥರ ಕಾಣುತ್ತದೆ. ತುಟಿ ಒಡೆದಿದೆ. ಕಾಲಿನ ಪಟ್ಟಿ ಬಿಚ್ಚಿ ತೋರಿಸು ಅಂದೆ. ಅವನ ಹೆಂಡತಿ, "ಈಗಷ್ಟೇ ಕಟ್ಟಿದ್ದಾರೆ ಅತ್ತಿಗೆ, ಬಿಚ್ಚಿದ್ರೆ ನೋವಾಗುತ್ತೆ," ಅಂದಳು. ನೋಡಲೇಬೇಕಿತ್ತು, ಬಿಚ್ಚಿಸಿದೆ. ಅಂಚು ಬೂದು ಬಣ್ಣಕ್ಕೆ ತಿರುಗಿದೆ. ಹೊಸ ಕೀವು ಸೀಸೆಗೆ ತುಂಬಿಕೊಂಡು ಬಂದೆ. ಬ್ಯಾಕ್ಟೀರಿಯಾ ವೇಷ ಬದಲಿಸಿದೆಯೋ ನೋಡಬೇಕು.

ಅವನು ಏನೋ ಹೇಳಲು ಹೊರಟಿದ್ದ. ಆಮೇಲೆ ಹೇಳು, ಲ್ಯಾಬ್ ಮುಚ್ಚಿಬಿಡುತ್ತಾರೆ ಅಂದೆ.

ಸೆಪ್ಟೆಂಬರ್ ೧೮, ಗುರುವಾರ

ಬುಡ್ಡಿ ತಿಳಿಯಾಗಿದೆ. ಈ ಸಲ ತೊಳೆದದ್ದು ಬರೆದಿರುವ ಕ್ರಮದಷ್ಟೇ. ಒಂದು ಹನಿ ಹೆಚ್ಚಿಲ್ಲ.

ಸೆಪ್ಟೆಂಬರ್ ೧೯, ಶುಕ್ರವಾರ

ಆಸ್ಪತ್ರೆಗೆ ಹೋಗಲಿಲ್ಲ. ತಮ್ಮನ ಹೆಂಡತಿ ಫೋನು ಮಾಡಿದಳು. ಜ್ವರ ಇಳಿಯುತ್ತಿಲ್ಲವಂತೆ. ಬಡಬಡಿಸುತ್ತಾನಂತೆ. ಒಮ್ಮೆ ಬಂದು ಹೋಗಿ ಅತ್ತಿಗೆ ಅಂದಳು. ಬಂದು ನಾನೇನು ಮಾಡಲಿ? ಬಿಸಿ ಹಣೆ ಮುಟ್ಟಿ ಅಯ್ಯೋ ಅನ್ನಲು ನೂರು ಜನ ಸಿಗುತ್ತಾರೆ. ಇನ್ನೆರಡು ದಿನ ಅಂತ ಹೇಳು ಅಂದೆ.  ಹೇಳ್ತೀನಿ ಅಂದಳು.

ತಲೆ ಮೊಸರು ಗಡಿಗೆ ಆಗಿದೆ. ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಸೆಪ್ಟೆಂಬರ್ ೨೦, ಶನಿವಾರ

ಬಿಳಿ. ಪರದೆಯ ತುಂಬ ಬಿಳಿ. ಒಂದೊಂದು ತಲೆಯೂ ತುಂಬಿ ತುಳುಕುವ ಹಾಗಿದೆ. ತಟ್ಟೆಯಲ್ಲಿ ಜರಡಿಯ ಹಾಗೆ ತೂತುಗಳು. ಮೇಷ್ಟ್ರು ನನ್ನ ಬೆನ್ನು ತಟ್ಟಲು ಕೈ ಎತ್ತಿ, ಸಂಕೋಚವಾಗಿ ಮೇಜು ತಟ್ಟಿದರು.

ಬೇರೆ ಯಾವ ಕ್ರಿಮಿಯೂ ಇದರಲ್ಲಿ ಸೇರಿಲ್ಲ ಅಂತ ಆಸ್ಪತ್ರೆಯವರ ಪರೀಕ್ಷೆ ಆಗಬೇಕು. ಸೋಮವಾರ ಬೆಳಗ್ಗೆ ವರದಿ ಕೈಗೆ ಕೊಡುತ್ತಾರಂತೆ. ಮೂಳೆ ಡಾಕ್ಟರಿಗೆ ಫೋನು ಮಾಡಿ ಹೇಳಿದೆ. ಅವರು, "ಸೋಮವಾರದ ತನಕ ಕಷ್ಟ," ಅಂದರು. ಕಷ್ಟ ಅಂದರೆ ಆಗುವುದಿಲ್ಲ ಅಂತೇನಲ್ಲ.

ಸೆಪ್ಟೆಂಬರ್ ೨೨, ಸೋಮವಾರ

ವೈರಸ್ ಸೀಸೆಯ ಐಸ್ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ಆಟೋದಲ್ಲಿ ಹೋದೆ. ಗುಂಡಿ ಬಂದಾಗೆಲ್ಲ ಡ್ರೈವರಿಗೆ ಬೈದೆ.

ಹಾಸಿಗೆ ಖಾಲಿ ಇತ್ತು.  ತಮ್ಮನ ಹೆಂಡತಿ ವರಾಂಡದ ಕೊನೆಯ ಬೆಂಚಿನಲ್ಲಿ ಅವನ ಚಪ್ಪಲಿಗಳನ್ನು ಕಾಲ ಹತ್ತಿರ ಇಟ್ಟುಕೊಂಡು ಕುಳಿತಿದ್ದಳು. ನನ್ನನ್ನು ನೋಡಿ ಎದ್ದಳು.

"ಆಯ್ತು ಅತ್ತಿಗೆ. ಬೆಳಗ್ಗೆ ಬೇಗ ಒಳಗೆ ಕರ್ಕೊಂಡು ಹೋದ್ರು. ಈಗ ಪ್ರಜ್ಞೆ ಬಂದಿದೆಯಂತೆ."

"ಯಾರು ಒಪ್ಪಿದ್ರು? ನನ್ನ ಕೇಳದೆ ಯಾರು ಒಪ್ಪಿದ್ದು?"

"ಅವರೇ. ನಿನ್ನೆ ಅವರೇ ಡಾಕ್ಟರನ್ನ ಕರೆಸಿ ಸಹಿ ಹಾಕಿದ್ರು. ಇನ್ನು ನನ್ನ ಕೈಲಿ ಆಗಲ್ಲ ಅಂದ್ರು."

"ನನಗೊಂದು ಫೋನು ಮಾಡೋಕೆ ಆಗ್ಲಿಲ್ವಾ ನಿನಗೆ?"

ಅವಳು ಎಂದೂ ನನಗೆ ಎದುರಾಡಿದವಳಲ್ಲ. ಇವತ್ತೂ ಎದುರಾಡಲಿಲ್ಲ, ತಲೆ ತಗ್ಗಿಸಿಕೊಂಡೇ ಹೇಳಿದಳು. "ಮಾಡಬೇಡ ಅಂದ್ರು ಅತ್ತಿಗೆ. ಅಕ್ಕ ಇನ್ನೆರಡು ದಿನ ಅಂತಾಳೆ, ಅವಳು ಅಂದ್ರೆ ನನಗೆ ಬೇಡ ಅನ್ನೋಕೆ ಆಗಲ್ಲ ಅಂದ್ರು. ಬುಧವಾರ ನಿಮ್ಮ ಹತ್ರ ಹೇಳೋಕೆ ಹೊರಟಿದ್ರು. ನೀವು ಅವಸರದಲ್ಲಿ ಇದ್ರಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಡಬ್ಬಿ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತೆ. ಎಷ್ಟು ಹೊತ್ತು ಹಾಗೆ ಇದ್ದೆನೋ. ಐಸ್ ಕರಗಿ ಸೀರೆ ಒದ್ದೆಯಾಗಿತ್ತು. ಅವನನ್ನು ನೋಡದೆ ವಾಪಸು ಬಂದೆ.

ಸೆಪ್ಟೆಂಬರ್ ೨೩

ಏನೂ ಇಲ್ಲ.

ಸೆಪ್ಟೆಂಬರ್ ೨೫, ಗುರುವಾರ

ಮೇಷ್ಟ್ರು ಹೇಳದಿದ್ದರೆ ಲ್ಯಾಬಿಗೂ ಹೋಗುತ್ತಿರಲಿಲ್ಲ. ತೆಗೆದ ಕಾಲಿನ ಮೂಳೆಯೊಳಗಿಂದ ಒಂದು ಚೂರನ್ನು ಆಸ್ಪತ್ರೆಯವರು ಅವರಿಗೆ ಕಳಿಸಿದ್ದರು. ಅದರಲ್ಲಿದ್ದ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದರ ಮೇಲೆ ನಮ್ಮ ವೈರಸ್ ಹಾಕಿ ನೋಡೋಣ ಅಂದರು. ಯಾಕೆ ಅಂತ ಕೇಳಲಿಲ್ಲ. ಕೈ ತಾನಾಗಿ ಕೆಲಸ ಮಾಡಿತು.

ಇವತ್ತು ತಟ್ಟೆ ತೆಗೆದರೆ ತೂತುಗಳೇ ಇಲ್ಲ, ಯಾಕೆಂದರೆ ತೂತು ಬೀಳಲು ಬ್ಯಾಕ್ಟೀರಿಯಾ ಉಳಿದಿರಬೇಕಲ್ಲ. ಇಡೀ ತಟ್ಟೆ ತಿಳಿ. ಬೆಳಕಿಗೆ ಹಿಡಿದರೆ ಆಚೆ ಬದಿಯ ಕಿಟಕಿಯ ಸರಳು ಕಾಣುತ್ತಿತ್ತು. ಇಷ್ಟು ಚೆನ್ನಾಗಿ ಕೊಂದದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ.

"ತಟ್ಟೆ ಬೇರೆ, ಮೂಳೆ ಬೇರೆ," ಅಂದರು ಮೇಷ್ಟ್ರು. "ಒಳಗೆ ಹೋಗಿ ಹೀಗೇ ಮಾಡ್ತಿತ್ತು ಅಂತ ಹೇಳೋಕಾಗಲ್ಲ."

"ಮಾಡ್ತಿರ್ಲಿಲ್ಲ ಅಂತ ಹೇಳೋಕಾಗುತ್ತಾ?"

ಅವರು ತಟ್ಟೆಯ ಮೇಲೆ ತಾರೀಕು ಬರೆದಿಟ್ಟರು. ಇದನ್ನು ಬರೆದು ಪ್ರಕಟಿಸಬೇಕು, ಮುಂದೆ ಯಾರಿಗಾದರೂ ಉಪಯೋಗವಾದೀತು ಅಂದರು. ಬರೆಯಿರಿ, ನಾನು ತೊಳೆದದ್ದನ್ನೂ ಬಿಡದೆ ಬರೆಯಿರಿ ಅಂದೆ. ಮೊದಲನೆಯ ಸೀಸೆಯನ್ನು ಹಾಳು ಮಾಡದಿದ್ದರೆ ಹದಿನೈದನೆಯ ತಾರೀಕು ಅದು ಅವನ ರಕ್ತದಲ್ಲಿ ಇರುತ್ತಿತ್ತು. ಆಗ ಅವನು ಇನ್ನೂ ತಮಾಷೆ ಮಾಡುತ್ತಿದ್ದ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುವವನು ಅವನು.

ಸೆಪ್ಟೆಂಬರ್ ೨೮, ಭಾನುವಾರ

ಹೋದೆ. ಹೋಗದೆ ಎಷ್ಟು ದಿನ ಇರಲಿ.

ತಮ್ಮ ದಿಂಬಿಗೆ ಒರಗಿ ಕುಳಿತಿದ್ದ. ಜ್ವರ ಬಿಟ್ಟಿದೆ. ಗಡ್ಡ ಬೆಳೆದಿದೆ, ಕೆನ್ನೆ ಒಳಗೆ ಹೋಗಿದೆ, ಅಪ್ಪನ ಮುಖವೇ ಬಂದುಬಿಟ್ಟಿದೆ. ಅವನ ಹೆಂಡತಿ ಮಾತ್ರೆ ತರಲು ಕೆಳಗೆ ಹೋಗಿದ್ದಳು. ಹೊದಿಕೆಯ ಕಡೆ ನೋಡಬಾರದು ಅಂದುಕೊಂಡೇ ಹೋಗಿದ್ದೆ. ನೋಡಿದೆ. ಒಂದು ಕಡೆ ಮೊಣಕಾಲಿನ ಹತ್ತಿರಕ್ಕೆ ಬಂದು ಚಪ್ಪಟೆಯಾಗಿತ್ತು.

ಅದೂ ಇದೂ ಮಾತಾಡಿದ. ಕಂಪನಿಯವರು ಕುಳಿತು ಮಾಡುವ ಕೆಲಸ ಕೊಡುತ್ತಾರಂತೆ, ಕೊಟ್ಟಾಗ ನೋಡಬೇಕು ಅಂದ. ಇಲ್ಲದ ಪಾದ ತುರಿಸುತ್ತದೆಯಂತೆ. ಆಮೇಲೆ, ಬೆರಳಲ್ಲಿ ಹೊದಿಕೆಯ ಅಂಚನ್ನು ಮಡಚಿ ಬಿಚ್ಚಿ ಮಾಡುತ್ತಾ ಕೇಳಿದ.

"ಅಕ್ಕ, ನಿನ್ನ ಹುಳ ಏನಾಯ್ತು? ಎರಡನೇ ಸಲ ಬೆಳೆಸಿದ್ಯಲ್ಲ."

ನಾನು ನೀರಿನ ಲೋಟ ತೊಳೆಯಲು ಎತ್ತಿಕೊಂಡಿದ್ದೆ. ಕೆಳಗಿಟ್ಟೆ.

"ನಿನ್ನ ಕೇಳದೆ ಸಹಿ ಹಾಕ್ಬಿಟ್ಟೆ," ಅಂದ. "ನಿದ್ದೆ ಬರ್ತಿಲ್ಲ ಅಕ್ಕ. ಒಂದು ದಿನ ತಡ್ಕೊಂಡಿದ್ರೆ ಕಾಲು ಉಳೀತಿತ್ತೇನೋ, ನಾನೇ ಹೆದರಿ ಕಳ್ಕೊಂಡೆನೇನೋ ಅಂತ ಒಂದೇ ಯೋಚನೆ. ನಿಜ ಹೇಳು. ನೀನು ಸುಳ್ಳು ಹೇಳೋಳಲ್ಲ."

"ಅದು ಕೆಲಸ ಮಾಡ್ಲಿಲ್ಲ ಕಣೋ," ಅಂದೆ.

"ಹೌದಾ?"

"ನಿನ್ನ ಮೂಳೆಯಿಂದ ತೆಗೆದ ಬ್ಯಾಕ್ಟೀರಿಯಾ ಮೇಲೆ ಹಾಕಿ ನೋಡಿದ್ವಿ. ತಟ್ಟೆಯಲ್ಲೇ ಏನೂ ಆಗ್ಲಿಲ್ಲ. ಮೊದಲನೇದೂ ಅಷ್ಟೇ, ಎರಡನೇದೂ ಅಷ್ಟೇ. ಕಾದಿದ್ರೆ ನೀನೇ ಇರ್ತಿರ್ಲಿಲ್ಲ."

 ಲ್ಯಾಬಿನಲ್ಲಿ ಫಲಿತಾಂಶ ಓದುವ ಹಾಗೆ ಓದಿದೆ. ಮೇಷ್ಟ್ರಿಗೆ ನಾಳೆ ಹೇಳಬೇಕು, ಬರೆಯುವುದಾದರೆ ಇವನ ಕಿವಿಗೆ ಬೀಳದ ಹಾಗೆ ಬರೆಯಿರಿ ಅಂತ.

ಅವನು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ. ಉಸಿರು ಬಿಟ್ಟ. ಬಿಗಿದಿದ್ದ ಭುಜಗಳು ಇಳಿದವು. ಆಮೇಲೆ ನನ್ನ ಕೈ ಹಿಡಿದು ಸವರಿದ.

"ಪಾಪ, ಎಷ್ಟು ಒದ್ದಾಡಿದೆ ನೀನು. ಬೇಜಾರು ಮಾಡ್ಕೋಬೇಡ ಅಕ್ಕ. ಎಲ್ಲಾ ನಮ್ಮ ಕೈಲಿ ಇರುತ್ತಾ?"

ನನಗೆ ಅಳು ಬಂತು. ವೈರಸ್ ಸೋತಿತು ಅಂತ ಅಳುತ್ತಿದ್ದೇನೆ ಅಂದುಕೊಂಡು ಅವನು ಇನ್ನಷ್ಟು ಸಮಾಧಾನ ಮಾಡಿದ.

"ನಿಂತೇ ಇದ್ದೀಯಲ್ಲ, ಕೂತ್ಕೋ," ಅಂದ. ಹೊದಿಕೆ ಚಪ್ಪಟೆಯಾಗಿದ್ದ ಕಡೆ ಕೈಯಿಂದ ತಟ್ಟಿ ತೋರಿಸಿದ. "ಇಲ್ಲೇ ಕೂತ್ಕೋ. ಈಗ ಜಾಗ ಇದೆ."

ಕುಳಿತೆ.